ಪರರಾಜ್ಯದ ಯುದ್ಧಗಳಲ್ಲಿ ಸ್ವಯಂಸೇವಕ ಯೋಧರು: ಕೊಪ್ಪಳ ಸೀಮೆ ಮತ್ತು ಹೊರಜಗತ್ತು

ಆಳುವ ಪ್ರಭುತ್ವದ ಅಪ್ಪಣೆ ಇಲ್ಲದೆ, ಸಂಬಳವನ್ನೇ ಗುರಿಯಾಗಿಸಿಕೊಳ್ಳದೆ, ಒಂದು ಪಕ್ಷದ ನ್ಯಾಯವನ್ನು ನಂಬಿ ತಾನಾಗಿ ಗಡಿ ದಾಟಿ ಶಸ್ತ್ರ ಹಿಡಿದವನನ್ನು ಯುದ್ಧಚರಿತ್ರೆ ಸ್ವಯಂಸೇವಕ ಯೋಧ ಎಂದು ಗುರುತಿಸುತ್ತದೆ. ಹಣಕ್ಕಾಗಿ ಕಾದುವ ಬಾಡಿಗೆ ಯೋಧನಿಗಿಂತ, ಅರಸನೊಬ್ಬ ಮಿತ್ರನಿಗೆ ಕಾಣಿಕೆಯಾಗಿ ಒಪ್ಪಿಸುವ ಪಡೆಗಿಂತ ಇವನು ಬೇರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಫ್ರಾನ್ಸ್, ಇಥಿಯೋಪಿಯಾ ಮತ್ತು ಸ್ಪೇನ್ ದೇಶಗಳ ಪರವಾಗಿ ವಿಮಾನ ಹಾರಿಸಿದ ಆಫ್ರಿಕನ್-ಅಮೆರಿಕನ್ ವೈಮಾನಿಕರು ಈ ಬಗೆಯ ಯೋಧರಲ್ಲಿ ಹೆಸರಾದವರು. ಇಂದಿನ ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಿಗೂ ಈ ವಿಷಯಕ್ಕೂ ಇರುವ ಸಂಬಂಧ ಮೇಲುನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು. ಏಕೆಂದರೆ ಈ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ಚರಿತ್ರೆಯಲ್ಲಿ ಕಾಣಿಕೆಯ ವಿಮಾನದಳ, ಬಾಡಿಗೆಯ ವೈಮಾನಿಕ ಮತ್ತು ಗಡಿ ದಾಟಿದ ಸ್ವಯಂಸೇವಕ ಈ ಮೂರೂ ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ಕಾಣಿಸಿಕೊಂಡವು.

ನಾಲ್ಕು ತಾಲ್ಲೂಕುಗಳೂ ರಾಯಚೂರು ಜಿಲ್ಲೆಗೆ ಸೇರಿದ್ದವಾದರೂ ಅವುಗಳ ಆಡಳಿತ ಒಂದೇ ಬಗೆಯದಾಗಿರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು, ಅಂದರೆ ಕಂದಾಯ ವಸೂಲಿಯ ಹಕ್ಕನ್ನು ಅರಸನು ಒಂದು ಮನೆತನಕ್ಕೆ ಬಿಟ್ಟುಕೊಟ್ಟಿದ್ದ ಪ್ರದೇಶ. ಗಂಗಾವತಿ ಮತ್ತು ಕುಷ್ಟಗಿ ದಿವಾನಿ, ಅಂದರೆ ಸಂಸ್ಥಾನದ ಖಜಾನೆಗೆ ನೇರವಾಗಿ ಕಂದಾಯ ಸಲ್ಲಿಸುತ್ತಿದ್ದ ಪ್ರದೇಶ. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಉತ್ತರಕ್ಕೆ ಅದೇ ಪ್ರಾಂತದ ವಿಜಾಪುರ ಜಿಲ್ಲೆ, ದಕ್ಷಿಣಕ್ಕೆ ತುಂಗಭದ್ರೆಯಾಚೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ, ಹೀಗೆ ಮೂರು ಕಡೆ ಬ್ರಿಟಿಷ್ ಆಡಳಿತ ಸುತ್ತುವರಿದಿತ್ತು. ಗದಗಿನಿಂದ ಹೊಸಪೇಟೆಗೆ ಹೋಗುವ ರೈಲು ಬ್ರಿಟಿಷ್ ನೆಲದಲ್ಲಿ ಹೊರಟು, ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ನಿಲ್ದಾಣಗಳಲ್ಲಿ ನಿಜಾಮನ ನೆಲವನ್ನು ಹಾದು, ಹೊಳೆ ದಾಟಿದೊಡನೆ ಮತ್ತೆ ಬ್ರಿಟಿಷ್ ನೆಲ ಸೇರುತ್ತಿತ್ತು. ಧಾರವಾಡದ ಕಡೆಯ ಜನ ನಿಜಾಮನ ಸೀಮೆಯನ್ನು ಮೊಗಲಾಯಿ ಎನ್ನುತ್ತಿದ್ದರು. ಮಾತು, ಮಠ, ಜಾತ್ರೆ, ಬೀಗತನ ಎಲ್ಲವೂ ಗಡಿಯ ಎರಡೂ ಬದಿಗೆ ಒಂದೇ ಆಗಿದ್ದರೂ ನಾಣ್ಯ ಮಾತ್ರ ಬೇರೆಯಾಗಿತ್ತು: ಈಚೆ ಸಂಸ್ಥಾನದ ಹಾಲಿ ಸಿಕ್ಕಾ, ಆಚೆ ಬ್ರಿಟಿಷರ ಕಲ್ದಾರ್. ಸಂತೆಗೆ ಸರಕು ಒಯ್ಯುವ ಗಾಡಿ ಕರೋಡಗಿರಿ ನಾಕಾದಲ್ಲಿ, ಅಂದರೆ ಸಂಸ್ಥಾನದ ಸುಂಕದ ಕಟ್ಟೆಯಲ್ಲಿ, ನಿಲ್ಲಬೇಕಿತ್ತು. ಮುಂದೆ ಸ್ವಯಂಸೇವಕರ ಕಣ್ಣು ಮೊದಲು ಬಿದ್ದದ್ದು ಇಂಥ ನಾಕಾಗಳ ಮೇಲೆಯೇ.

ಗಡಿಯಾಚೆಯಿಂದ ಬಂದ ಯೋಧರು ಈ ಸೀಮೆಗೆ ಹೊಸಬರಲ್ಲ. 1786ರಲ್ಲಿ ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡ ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಭದ್ರಪಡಿಸಿದ್ದನು. 1790ರಲ್ಲಿ ಮುತ್ತಿಗೆ ಹಾಕಿದ ನಿಜಾಮ ಮತ್ತು ಬ್ರಿಟಿಷರ ಪಡೆಗಳಿಗೆ ಅದು ತಿಂಗಳುಗಟ್ಟಲೆ ಮಣಿಯಲಿಲ್ಲ. ಇದಕ್ಕಿಂತ ಪ್ರಕೃತಕ್ಕೆ ಹತ್ತಿರವಾದದ್ದು 1858ರ ಪ್ರಸಂಗ. ಬ್ರಿಟಿಷರ ವಿರುದ್ಧದ ನರಗುಂದದ ಬಂಡಾಯದೊಡನೆ ಎದ್ದ ಮುಂಡರಗಿ ಭೀಮರಾವ್ ಮತ್ತು ಹಮ್ಮಿಗಿ ಕೆಂಚನಗೌಡ ಬ್ರಿಟಿಷ್ ಸೀಮೆಯಿಂದ ಹಿಂದೆ ಸರಿದು, ಗಡಿ ದಾಟಿ ಕೊಪ್ಪಳದ ಕೋಟೆಯನ್ನು ಹಿಡಿದರು. ಬೆನ್ನಟ್ಟಿ ಬಂದ ಬ್ರಿಟಿಷ್ ಪಡೆ ಜೂನ್ 1ರಂದು ಕೋಟೆಗೆ ನುಗ್ಗಿದಾಗ ಇಬ್ಬರೂ ಕಾದುತ್ತಲೇ ಮಡಿದರು. ಮುಂಡರಗಿ ಮತ್ತು ಕೊಪ್ಪಳಗಳ ನಡುವಿನ ಈ ದಾರಿ ತೊಂಬತ್ತು ವರ್ಷಗಳ ನಂತರ ಮತ್ತೊಮ್ಮೆ ಸ್ವಯಂಸೇವಕರ ದಾರಿಯಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದಿನ ಹೆಸರು ಆಕಾಶಕ್ಕೇರಿತು. 1917ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ರಚನೆಗೊಂಡ 110ನೆಯ ಸ್ಕ್ವಾಡ್ರನ್‌ಗೆ (ಸ್ಕ್ವಾಡ್ರನ್ ಎಂದರೆ ಸುಮಾರು ಹದಿನೆಂಟು ವಿಮಾನಗಳ ಒಂದು ದಳ) ಬೇಕಾದ ಡಿಎಚ್9ಎ ಬಾಂಬರುಗಳನ್ನು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಣಿಕೆಯಾಗಿ ಕೊಟ್ಟನು. ಇಬ್ಬರು ಕೂರುವ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ, ಅಮೆರಿಕದ ಲಿಬರ್ಟಿ ಎಂಜಿನ್ ಹೊತ್ತ ಈ ವಿಮಾನಗಳು 1918ರ ಸೆಪ್ಟೆಂಬರಿನಿಂದ ಫ್ರಾನ್ಸಿನ ನೆಲೆಯಿಂದ ಜರ್ಮನಿಯ ಪಟ್ಟಣಗಳ ಮೇಲೆ ಹಗಲು ದಾಳಿ ನಡೆಸಿ, ಎರಡೇ ತಿಂಗಳಲ್ಲಿ ಭಾರಿ ನಷ್ಟ ಅನುಭವಿಸಿದವು. ಪ್ರತಿ ವಿಮಾನದ ಮೇಲೂ ಅದು ಹೈದರಾಬಾದಿನ ನಿಜಾಮರ ಕೊಡುಗೆ ಎಂಬ ಬರಹವಿತ್ತು. ಅವುಗಳಲ್ಲಿ ಎಫ್1010 ಎಂಬ ಗುರುತಿನ, ‘ಹೈದರಾಬಾದ್ ನಂ. 12ಎ’ ಎಂದು ಬರೆಸಿಕೊಂಡಿದ್ದ ವಿಮಾನ 1918ರ ಅಕ್ಟೋಬರ್ 5ರ ದಾಳಿಯಲ್ಲಿ ಜರ್ಮನರ ಕೈಗೆ ಸಿಕ್ಕಿತು. ಗೆದ್ದ ವಸ್ತುವಾಗಿ ಅದು ಬರ್ಲಿನ್ನಿನ ಮ್ಯೂಸಿಯಂ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯದಿಂದ ಪೋಲೆಂಡಿಗೆ ಸಾಗಿಸಲ್ಪಟ್ಟು, ಕ್ರಾಕೋವ್‌ನಲ್ಲಿ ಬಹುಕಾಲ ಉಳಿದು, 1977ರಲ್ಲಿ ಬ್ರಿಟನ್ನಿಗೆ ಮರಳಿ ಇಂದು ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿದೆ.

ವಿಮಾನಗಳ ಮೇಲಿನ ಆ ಬರಹದಲ್ಲಿ ಹೆಸರಿದ್ದದ್ದು ನಿಜಾಮನೊಬ್ಬನದು. ಸಂಸ್ಥಾನದ ಆದಾಯದ ದೊಡ್ಡ ಪಾಲು ಭೂಕಂದಾಯದಿಂದ ಬರುತ್ತಿದ್ದ ಕಾಲವದು. ಗಂಗಾವತಿ, ಕುಷ್ಟಗಿಗಳ ರೈತ ಕಟ್ಟಿದ ಕಂದಾಯ ಸೇರುತ್ತಿದ್ದದ್ದು ಸಂಸ್ಥಾನದ ಬೊಕ್ಕಸವನ್ನೇ. ಆ ಕಾಣಿಕೆಯನ್ನು ಕೊಡಬೇಕೇ ಬೇಡವೇ ಎಂದು ರೈತನನ್ನು ಕೇಳುವ ಚುನಾಯಿತ ಸಭೆ ಆಗ ಸಂಸ್ಥಾನದಲ್ಲಿ ಇರಲಿಲ್ಲ.    ಎರಡನೆಯ ಮಹಾಯುದ್ಧದಲ್ಲಿಯೂ 152 ಮತ್ತು 253ನೆಯ ಸ್ಕ್ವಾಡ್ರನ್‌ಗಳು ಹೈದರಾಬಾದಿನ ಹೆಸರು ಹೊತ್ತು, 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಯುವ ಕದನದಲ್ಲಿ ಕ್ರಮವಾಗಿ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳನ್ನು ಹಾರಿಸಿದವು. 152ನೆಯ ದಳದ ಲಾಂಛನ ನಿಜಾಮನ ಪೇಟ. ಅದರ ಧ್ಯೇಯವಾಕ್ಯದ ಅರ್ಥ ‘ನಿಷ್ಠಾವಂತ ಮಿತ್ರ’.

ಹಣ ಹಾರಿದಷ್ಟು ಸುಲಭವಾಗಿ ಮನುಷ್ಯ ಹಾರುವಂತಿರಲಿಲ್ಲ. ಬ್ರಿಟಿಷ್ ವಿಮಾನದಳದಲ್ಲಿ ಅಧಿಕಾರಿಯಾಗಲು ಬಿಳಿಯ ಮೈಬಣ್ಣ ಒಂದು ಅರ್ಹತೆಯಾಗಿತ್ತು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಪಂಜಾಬಿನ ಹರ್ದಿತ್ ಸಿಂಗ್ ಮಲಿಕ್‌ಗೆ ಅಲ್ಲಿ ಪ್ರವೇಶ ಸಿಗಲಿಲ್ಲ. ಅವರು ಫ್ರಾನ್ಸಿಗೆ ಹೋಗಿ ರೆಡ್‌ಕ್ರಾಸ್ ಆಂಬುಲೆನ್ಸ್ ಓಡಿಸಿ, ಫ್ರೆಂಚ್ ವಾಯುದಳ ಸೇರಲು ಸಿದ್ಧರಾದರು. ಬ್ರಿಟಿಷ್ ಪ್ರಜೆಯೊಬ್ಬನನ್ನು ಫ್ರೆಂಚರು ಸ್ವೀಕರಿಸುವುದಾದರೆ ಬ್ರಿಟಿಷರು ಏಕೆ ತಿರಸ್ಕರಿಸಬೇಕು ಎಂದು ಅವರ ಅಧ್ಯಾಪಕರು ವಿಮಾನದಳದ ಮುಖ್ಯಸ್ಥರಿಗೆ ಪತ್ರ ಬರೆದ ಮೇಲೆಯೇ, 1917ರಲ್ಲಿ, ಬಾಗಿಲು ತೆರೆಯಿತು. ಪೇಟದ ಮೇಲೆ ದೊಡ್ಡ ಹೆಲ್ಮೆಟ್ ಧರಿಸಿ ಹಾರಿದ ಮಲಿಕ್ ಗಾಯಗೊಂಡರೂ ಬದುಕಿ ಉಳಿದು, ಮುಂದೆ ಫ್ರಾನ್ಸಿಗೆ ಸ್ವತಂತ್ರ ಭಾರತದ ರಾಯಭಾರಿಯಾದರು. ಅದೇ ವಿಮಾನದಳ ಸೇರಿದ್ದ ಬಂಗಾಳದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಹತ್ತು ವಿಜಯಗಳನ್ನು ಗಳಿಸಿ ಅದೇ ತಿಂಗಳ 22ರಂದು, ಇಪ್ಪತ್ತು ತುಂಬುವ ಮೊದಲೇ, ಆಕಾಶಯುದ್ಧದಲ್ಲಿ ತೀರಿಕೊಂಡರು.

ಮಲಿಕ್ ತಟ್ಟಲು ಹೊರಟಿದ್ದ ಫ್ರಾನ್ಸಿನ ಬಾಗಿಲನ್ನು 1917ರಲ್ಲಿಯೇ ಹಾದುಹೋದವನು ಯೂಜೀನ್ ಬುಲ್ಲಾರ್ಡ್. ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ 1895ರಲ್ಲಿ ಹುಟ್ಟಿದ ಈ ಕಪ್ಪು ಜನಾಂಗದ ಹುಡುಗ ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ಹಡಗಿನಲ್ಲಿ ಅಡಗಿ ಸ್ಕಾಟ್ಲೆಂಡ್ ಮುಟ್ಟಿ, ಮುಷ್ಟಿಯುದ್ಧದಿಂದ ಹೊಟ್ಟೆ ಹೊರೆಯುತ್ತ ಪ್ಯಾರಿಸ್ ಸೇರಿದ್ದನು. 1914ರಲ್ಲಿ ಯುದ್ಧ ಆರಂಭವಾದಾಗ ಫ್ರಾನ್ಸಿನ ವಿದೇಶಿ ಸೈನ್ಯದಳಕ್ಕೆ, ಅಂದರೆ ಪರದೇಶಿಗಳಿಗೆಂದೇ ಫ್ರಾನ್ಸ್ ಇಟ್ಟಿದ್ದ ಪಡೆಗೆ, ಸೇರಿಕೊಂಡ ಅವನು 1916ರಲ್ಲಿ ವರ್ಡನ್ ಕದನದಲ್ಲಿ ತೀವ್ರವಾಗಿ ಗಾಯಗೊಂಡನು. ಕಾಲಾಳಾಗಿ ಮರಳಲಾರದ ಅವನು ವೈಮಾನಿಕನಾಗುವೆನೆಂದು ಗೆಳೆಯನೊಡನೆ ಎರಡು ಸಾವಿರ ಡಾಲರ್ ಪಂದ್ಯ ಕಟ್ಟಿ, 1917ರ ಮೇ ತಿಂಗಳಲ್ಲಿ ಹಾರಾಟದ ಪರವಾನಗಿ ಪಡೆದು ಪಂದ್ಯ ಗೆದ್ದನು. ತಾನು ಸಾಕಿದ್ದ ಜಿಮ್ಮಿ ಎಂಬ ಕೋತಿಮರಿಯನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು ಯುದ್ಧಕ್ಕೆ ಹಾರುತ್ತಿದ್ದನು. ಅಮೆರಿಕ ಯುದ್ಧಕ್ಕಿಳಿದು ಫ್ರೆಂಚ್ ದಳಗಳಲ್ಲಿದ್ದ ತನ್ನ ವೈಮಾನಿಕರನ್ನು ತನ್ನ ಸೇನೆಗೆ ಕರೆದುಕೊಂಡಾಗ ಬುಲ್ಲಾರ್ಡ್‌ನನ್ನು ಮಾತ್ರ ಕರೆಯಲಿಲ್ಲ. ಅವನ ಅನುಭವ, ಪದಕ, ಗಾಯ ಯಾವುದೂ ಮೈಬಣ್ಣದ ಮುಂದೆ ಲೆಕ್ಕಕ್ಕೆ ಬರಲಿಲ್ಲ.

ಹೊರನಾಡಿನ ಮನ್ನಣೆ ಮತ್ತು ತಾಯ್ನಾಡಿನ ಉಪೇಕ್ಷೆ ಅವನ ಉಳಿದ ಬದುಕಿನುದ್ದಕ್ಕೂ ಜೊತೆಜೊತೆಗೇ ನಡೆದವು. 1940ರಲ್ಲಿ ಫ್ರಾನ್ಸಿಗಾಗಿ ಮತ್ತೆ ಬಂದೂಕು ಹಿಡಿದು ಗಾಯಗೊಂಡು ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಬಂದ ಅವನು, ಕೊನೆಗಾಲದಲ್ಲಿ ರಾಕ್‌ಫೆಲ್ಲರ್ ಸೆಂಟರ್ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸದಲ್ಲಿದ್ದನು. 1954ರಲ್ಲಿ ಪ್ಯಾರಿಸ್ಸಿನ ಅಜ್ಞಾತ ಯೋಧನ ಸಮಾಧಿಯ ಜ್ಯೋತಿಯನ್ನು ಬೆಳಗಲು ಫ್ರಾನ್ಸ್ ಅವನನ್ನು ಕರೆಸಿಕೊಂಡಿತು. 1959ರಲ್ಲಿ ತನ್ನ ಅತ್ಯುನ್ನತ ಗೌರವವಾದ ಲೀಜಿಯನ್ ಆಫ್ ಆನರ್ ನೀಡಿತು. ಅವನು 1961ರಲ್ಲಿ ತೀರಿಕೊಂಡನು. ಅಮೆರಿಕದ ವಾಯುಪಡೆ ಅವನಿಗೆ ಸೆಕೆಂಡ್ ಲೆಫ್ಟಿನೆಂಟ್ ಪದವಿ ಕೊಟ್ಟದ್ದು 1994ರಲ್ಲಿ.

ಎರಡು ಮಹಾಯುದ್ಧಗಳ ನಡುವೆ ಇದೇ ದಾರಿ ಹಿಡಿದವರಲ್ಲಿ ಮುಖ್ಯನಾದವನು ಷಿಕಾಗೋದ ಜಾನ್ ಸಿ. ರಾಬಿನ್ಸನ್. ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ಬೀಳಲು ಹವಣಿಸುತ್ತಿದ್ದ 1935ರಲ್ಲಿ ಅವನು ಅಲ್ಲಿಗೆ ಹೋಗಿ, ಚಕ್ರವರ್ತಿ ಹೈಲೆ ಸೆಲಾಸಿಯ ಪುಟ್ಟ ವಾಯುದಳದ ನಾಯಕತ್ವ ವಹಿಸಿಕೊಂಡನು. ಇಟಲಿಯ ನೂರಾರು ಯುದ್ಧವಿಮಾನಗಳಿಗೆ ಎದುರಾಗಿ ಅವನ ಬಳಿ ಇದ್ದವು ಬೆರಳೆಣಿಕೆಯ, ಬಹುಮಟ್ಟಿಗೆ ನಿರಾಯುಧವಾದ ಹಳೆಯ ವಿಮಾನಗಳು. ಅವುಗಳಲ್ಲೇ ಔಷಧ, ಸಂದೇಶ ಮತ್ತು ಅಧಿಕಾರಿಗಳನ್ನು ರಣರಂಗಕ್ಕೆ ಮುಟ್ಟಿಸುತ್ತ 1936ರವರೆಗೆ ನಿಂತ ಅವನು, ಎರಡನೆಯ ಮಹಾಯುದ್ಧದ ಕೊನೆಗೆ ಅದೇ ನಾಡಿಗೆ ಮರಳಿ ವೈಮಾನಿಕರನ್ನು ತರಬೇತುಗೊಳಿಸಿ, 1954ರಲ್ಲಿ ಅಡಿಸ್ ಅಬಾಬಾದಲ್ಲಿ ವಿಮಾನಾಪಘಾತದಿಂದ ಸತ್ತನು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಹಾರಲು ಹೋದವರಲ್ಲಿ ಜೇಮ್ಸ್ ಪೆಕ್ ಮತ್ತು ಪಾಲ್ ವಿಲಿಯಮ್ಸ್ ಇದ್ದರು. ಕಪ್ಪು ಜನರನ್ನು ಅಮೆರಿಕದ ಸೇನೆ ಯುದ್ಧ ವೈಮಾನಿಕರಾಗಿ ತರಬೇತುಗೊಳಿಸಲು ಒಪ್ಪಿದ್ದು 1941ರಲ್ಲಿ, ಅಲಬಾಮಾದ ಟಸ್ಕೀಗಿಯಲ್ಲಿ, ಅದೂ ಪ್ರತ್ಯೇಕ ದಳವಾಗಿ.

ಕನ್ನಡ ನಾಡಿನ ಅಂಚಿನಲ್ಲಿ ಹುಟ್ಟಿ ಪರರ ಯುದ್ಧಕ್ಕೆ ತಾನಾಗಿ ಹೋದವರೆಂದರೆ, ಕನ್ನಡ-ಮರಾಠಿಗಳೆರಡೂ ಬಳಕೆಯಲ್ಲಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್, ಆದರೆ ಅವರು ಹಿಡಿದದ್ದು ಶಸ್ತ್ರವನ್ನಲ್ಲ, ಶಸ್ತ್ರಚಿಕಿತ್ಸೆಯ ಉಪಕರಣವನ್ನು. ಕಾಂಗ್ರೆಸ್ 1938ರಲ್ಲಿ ಚೀನಾಕ್ಕೆ ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಹೋದ ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು.

ಕೊಪ್ಪಳ ಸೀಮೆಯ ಸ್ವಯಂಸೇವಕರ ಕಾಲ 1947ರಲ್ಲಿ ಬಂದಿತು. ಬ್ರಿಟಿಷರು ಹೊರಟ ಮೇಲೆ ತಾನು ಯಾವ ಒಕ್ಕೂಟಕ್ಕೂ ಸೇರದೆ ಸ್ವತಂತ್ರನಾಗಿ ಉಳಿಯುವೆನೆಂದು ನಿಜಾಮ ಆ ವರ್ಷದ ಜೂನ್‌ನಲ್ಲಿ ಸಾರಿದನು. ಆಗಸ್ಟ್ 15ರಂದು ಗಡಿಯಾಚೆಯ ಮುಂಡರಗಿಯಲ್ಲಿ ಹಾರಿದ ಭಾರತದ ಧ್ವಜವನ್ನು ಅದರ ನೆರೆಯ ಅಳವಂಡಿಯಲ್ಲಿ ಹಾರಿಸುವುದು ಅಪರಾಧವಾಯಿತು. ಸಂಸ್ಥಾನದ ಕಾಂಗ್ರೆಸ್ಸನ್ನು, 1938ರಲ್ಲಿ ಹುಟ್ಟುತ್ತಲೇ ನಿಷೇಧಿಸಿ 1946ರಲ್ಲಷ್ಟೇ ನಿಷೇಧ ತೆರವುಗೊಳಿಸಲಾಗಿತ್ತು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ, ಅದರ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಚಳವಳಿ ತೀವ್ರವಾಗುತ್ತಲೇ ಸೆರೆಮನೆ ಸೇರಿದರು. ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡವು, ಅಂದರೆ ವಿಲೀನದ ಪ್ರಶ್ನೆಯನ್ನು ಒಂದು ವರ್ಷ ಮುಂದೂಡಿ, ಹಿಂದಿನ ವ್ಯವಹಾರಗಳನ್ನು ಇದ್ದಂತೆಯೇ ನಡೆಸುವುದಾಗಿ ಒಪ್ಪಿದವು. ಈ ನಡುವೆ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಗಳ ಮೇಲೆ ಬೀಳತೊಡಗಿದರು. ರಜಾಕಾರ ಎಂಬ ಪದದ ಅರ್ಥವೂ ಸ್ವಯಂಸೇವಕ ಎಂದೇ. ಒಂದೇ ಅರ್ಥದ ಎರಡು ಹೆಸರುಗಳು ಒಂದೇ ಗಡಿಯಲ್ಲಿ ಎದುರುಬದುರು ನಿಂತವು.

ಸಂಸ್ಥಾನದೊಳಗೆ ಸಭೆ ನಡೆಸಲಾಗದವರು ಗಡಿಯಾಚೆ ನೆಲೆ ಕಂಡುಕೊಂಡರು. ಇವೇ ಗಡಿ ಶಿಬಿರಗಳು. ಕೊಪ್ಪಳದ ಪಶ್ಚಿಮಕ್ಕಿರುವ ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳೂ, ಯಲಬುರ್ಗಾ-ಕುಷ್ಟಗಿಗಳ ಅಂಚಿನ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ನಾಯಕರಾದರು. ಈ ಎರಡೂ ಊರುಗಳು ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಯಲ್ಲಿವೆ. ಗಡಿ ಶಿಬಿರಗಳ ಕೆಲಸ ಎರಡು ಬಗೆಯದು. ಮೊದಲನೆಯದು ರಕ್ಷಣೆ: ರಜಾಕಾರರ ಹಾವಳಿಗೆ ಊರು ಬಿಟ್ಟು ಬಂದವರಿಗೆ ಆಶ್ರಯ, ಗಡಿಯ ಹಳ್ಳಿಗಳಿಗೆ ಕಾವಲು. ಎರಡನೆಯದು ದಾಳಿ: ಕರೋಡಗಿರಿ ನಾಕಾಗಳನ್ನು ಸುಡುವುದು, ಪೊಲೀಸ್ ಠಾಣೆಗಳಿಂದ ಬಂದೂಕು ಕಸಿಯುವುದು, ಚಾವಡಿಯ ದಫ್ತರಗಳನ್ನು ನಾಶಪಡಿಸುವುದು, ಕಂದಾಯ ಕಟ್ಟಬೇಡಿರೆಂದು ರೈತರಿಗೆ ಹೇಳುವುದು, ಸೇಂದಿಯ ವರಮಾನ ನಿಲ್ಲಲೆಂದು ಈಚಲುಮರಗಳನ್ನು ಕಡಿಯುವುದು. ಕಂದಾಯ, ಸುಂಕ, ಸೇಂದಿ ಈ ಮೂರೂ ಪ್ರಭುತ್ವದ ಬೊಕ್ಕಸ ತುಂಬುವ ಮೂಲಗಳೆಂಬುದನ್ನು ಗಮನಿಸಿದರೆ ಶಿಬಿರಗಳ ಏಟು ಎತ್ತ ಗುರಿಯಿಟ್ಟಿತ್ತೆಂಬುದು ತಿಳಿಯುತ್ತದೆ. ಮೂವತ್ತು ವರ್ಷಗಳ ಹಿಂದೆ ಅದೇ ಸಂಸ್ಥಾನದ ಸಿರಿ ಜರ್ಮನಿಯ ಮೇಲೆ ಹಾರಿತ್ತು.

ಈ ಹೋರಾಟವನ್ನು ಪರರಾಜ್ಯದ ಯುದ್ಧವೆಂದು ಕರೆಯಬಹುದೇ ಎಂಬುದು ವಿಚಾರಯೋಗ್ಯ ಪ್ರಶ್ನೆ. ನಿಜಾಮನ ಸರ್ಕಾರದ ದೃಷ್ಟಿಯಲ್ಲಿ ಇವು ನೆರೆರಾಜ್ಯದ ನೆಲದಿಂದ ನಡೆದ ದಾಳಿಗಳು. ಭಾರತದ ವಿರುದ್ಧದ ತನ್ನ ದೂರನ್ನು ಅದು 1948ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ಒಯ್ದಿತು. ಶಿಬಿರದವರ ದೃಷ್ಟಿಯಲ್ಲಿ ಅವರು ಹೋಗುತ್ತಿದ್ದದ್ದು ತಮ್ಮ ಮನೆಗೆ. ಬುಲ್ಲಾರ್ಡ್ ಮತ್ತು ರಾಬಿನ್ಸನ್ ತಾಯ್ನಾಡು ಕೊಡದ ಅವಕಾಶವನ್ನು ಪರನಾಡಿನ ಯುದ್ಧದಲ್ಲಿ ಪಡೆದರು. ಕೊಪ್ಪಳದವನು ತನ್ನದೇ ಊರಿನ ಯುದ್ಧಕ್ಕೆ ಪರನಾಡಿನಿಂದ ಬರಬೇಕಾಯಿತು. ಮುಂಡರಗಿ, ಗದಗ ಕಡೆಯಿಂದ ಮೊಗಲಾಯಿಗೆ ನುಗ್ಗಿದವರ ಸ್ಥಿತಿ ಮಾತ್ರ ಬುಲ್ಲಾರ್ಡನದಕ್ಕೆ ಹೆಚ್ಚು ಹತ್ತಿರ: ಅವರ ಊರುಗಳು ಆಗಲೇ ಸ್ವತಂತ್ರವಾಗಿದ್ದವು, ಅವರು ಮನೆಯಲ್ಲಿಯೇ ಉಳಿದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಹೋದರು.

ಬಾಡಿಗೆಯ ವೈಮಾನಿಕ ಈ ಕಥೆಗೆ ಬಂದದ್ದು ಇದೇ 1948ರಲ್ಲಿ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ನಿಗಾಗಿ ಆಕಾಶದಿಂದ ಗೂಢಚಿತ್ರ ತೆಗೆಯುವ ವಿಧಾನವನ್ನು ರೂಪಿಸಿದ್ದ ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬವನು, ಬಾಂಬರಿನಿಂದ ಸಾಗಣೆಗೆ ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ರಾತ್ರಿ ಹೊರಟು, ಭಾರತದ ಆಕಾಶವನ್ನು ಕದ್ದು ದಾಟಿ, ಬೀದರ್ ಮೊದಲಾದ ವಿಮಾನ ನಿಲ್ದಾಣಗಳಿಗೆ ನಿಜಾಮನ ಸೇನೆಗಾಗಿ ಶಸ್ತ್ರಾಸ್ತ್ರ ಇಳಿಸಿದನು. ಇದಕ್ಕಾಗಿ ಮುಂದೆ ಲಂಡನ್ನಿನ ನ್ಯಾಯಾಲಯ ಅವನಿಗೆ ವಿಧಿಸಿದ ದಂಡ 200 ಪೌಂಡ್.

1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೇನೆ ಹಲವು ದಿಕ್ಕಿನಿಂದ ಸಂಸ್ಥಾನವನ್ನು ಪ್ರವೇಶಿಸಿತು. ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ನಡೆಯಿತು. ತುಂಗಭದ್ರೆಯ ಕಡೆ ಹೊಸಪೇಟೆಯ ನೆರೆಯಲ್ಲಿ ಮೈಸೂರು ಕಾಲಾಳುಪಡೆ ರಜಾಕಾರರನ್ನು ಚದುರಿಸಿತು, ಗೂರ್ಖಾ ತುಕಡಿಯೊಂದು ಹೊಳೆಯ ಸೇತುವೆಯನ್ನು ಹಿಡಿದು ಕಾಯಿತು.   ಬ್ರಿಟನ್ನಿಗೆ ವಿಮಾನದಳ ಕೊಟ್ಟಿದ್ದ ಅರಸನ ಬಳಿ ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳ ಎದುರು ಹಾರಲು ಯುದ್ಧವಿಮಾನಗಳಿರಲಿಲ್ಲ. 17ರಂದು ನಿಜಾಮ ಕದನವಿರಾಮ ಸಾರಿದನು.

ವಿಮೋಚನೆಯ ಈ ಚರಿತ್ರೆಯೊಳಗೆ ಮುಚ್ಚಿಡಬಾರದ ಒಂದು ಅಧ್ಯಾಯವಿದೆ. ಸೇನೆ ಬಂದ ಅನಂತರ ಸಂಸ್ಥಾನದ ಹಲವೆಡೆ, ಅದರಲ್ಲಿಯೂ ಉಸ್ಮಾನಾಬಾದ್, ಕಲಬುರಗಿ, ಬೀದರ್ ಮತ್ತು ನಾಂದೇಡ್ ಜಿಲ್ಲೆಗಳಲ್ಲಿ, ರಜಾಕಾರರ ಪಾಪಕ್ಕೆ ಸಾಮಾನ್ಯ ಮುಸ್ಲಿಮರು ಪ್ರಾಣ ತೆತ್ತರು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳವರೆಗೆ ಪ್ರಕಟವಾಗಲಿಲ್ಲ.

ಗಡಿ ಶಿಬಿರಗಳಲ್ಲಿದ್ದವರಿಗೂ ಮನ್ನಣೆ ತಡವಾಗಿಯೇ ಬಂದಿತು. 1947ರ ಆಗಸ್ಟ್ 15ರ ನಂತರ ಹೋರಾಡಿದವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಪರಿಗಣಿಸಬೇಕೇ ಎಂಬ ತೊಡಕನ್ನು ದಾಟಿ ಶಿಬಿರಗಳು ಕೇಂದ್ರದ ಪಿಂಚಣಿ ಯೋಜನೆಯ ಪಟ್ಟಿ ಸೇರುವ ಹೊತ್ತಿಗೆ, ಅಂದಿನ ತರುಣರು ಮುದುಕರಾಗಿದ್ದರು. ನಾಲ್ಕು ತಾಲ್ಲೂಕುಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಅವೆರಡಕ್ಕೂ ಮೊದಲೇ ಬಂದದ್ದು ಮತ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದ ವಯಸ್ಕರೆಲ್ಲರೂ, ಹೆಣ್ಣು ಗಂಡೆನ್ನದೆ, ಮತಗಟ್ಟೆಗೆ ಹೋಗುವ ಹಕ್ಕು ಪಡೆದರು. ಅವರು ಪಾರ್ಲಿಮೆಂಟಿಗೆ ಆರಿಸಿ ಕಳುಹಿಸಿದ್ದು, ಪಕ್ಷೇತರನಾಗಿ ನಿಂತಿದ್ದ, ನಾಲ್ಕು ವರ್ಷಗಳ ಹಿಂದೆ ಮುಂಡರಗಿಯ ಶಿಬಿರವನ್ನು ನಡೆಸಿದ್ದ ಅಳವಂಡಿ ಶಿವಮೂರ್ತಿಸ್ವಾಮಿಗಳನ್ನು.